ಮುಂದಿನ ಚಕ್ರಕ್ಕೆ ಡಿಸ್ಕ್ ಹಾಕಿಸಿದರೆ ಮುಗಿಯಲಿಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಒಂದು ಪತ್ರ ಬಂದಿತ್ತು. ಘಟ್ಟದ ರಸ್ತೆಯಲ್ಲಿ ಹಳೆ ಪಿಕಪ್‌ಗಳು ಓಡಾಡುವುದೇ ಅಪಾಯ, ಇಟ್ಟುಕೊಳ್ಳಲೇಬೇಕು ಅಂತಿದ್ದವರು ಮಳೆ ಹಿಡಿಯುವ ಮೊದಲು ಮುಂದಿನ ಎರಡು ಚಕ್ರಕ್ಕೆ ಡಿಸ್ಕ್ ಬ್ರೇಕ್ ಹಾಕಿಸಿಕೊಳ್ಳಲಿ ಎಂದು ಅದನ್ನು ಬರೆದವರ ಸಲಹೆ. ಅವರು ಹೇಳಿದ್ದರಲ್ಲಿ ಅರ್ಧ ಸರಿ. ಇನ್ನರ್ಧವನ್ನು ನಂಬಿ ನಾನು ಒಂದು ದಿನ ಮಡಿಕೇರಿ ಹತ್ತಿರದ ಗಾಳಿಬೀಡು ರಸ್ತೆಯಲ್ಲಿ, ಗಾಡಿಯಲ್ಲೇ ಕೂತು, ಬಂದ ದಾರಿಯ ಕಡೆಗೇ ಮುಖ ಮಾಡಿ ನಿಂತಿದ್ದೆ. ಆ ಇನ್ನರ್ಧದ ಬಗ್ಗೆ ಈ ಪತ್ರ. ಉದ್ದವಾಯಿತು ಅನ್ನಿಸಿದರೆ ಕತ್ತರಿಸಬೇಡಿ, ಬೇಕಾದರೆ ಎರಡು ದಿನ ಮಾಡಿ ಹಾಕಿ.

ನನ್ನದು 1996ರ ಗಾಡಿ. ಜೀಪಿನ ಮೂತಿ, ಹಿಂದೆ ಬಾಡಿ, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಅಂದರೆ ಚಕ್ರದ ಜೊತೆ ತಿರುಗುವ ಡಬ್ಬಿಯ ಒಳಮೈಗೆ ಲೈನರ್ ಹಚ್ಚಿದ ಶೂ ಒತ್ತಿ ನಿಲ್ಲಿಸುವಂಥದ್ದು. ಅಪ್ಪ ಸೆಕೆಂಡ್ ಹ್ಯಾಂಡಿನಲ್ಲಿ ತೆಗೆದುಕೊಂಡದ್ದು. ನಮ್ಮ ಆರು ಎಕರೆ ತೋಟದ ಗೊಬ್ಬರ, ಕಾಫಿ ಮೂಟೆ, ಜೆಟ್ ಪೈಪು ಎಲ್ಲ ಹೊತ್ತದ್ದು ಇದೇ. ಬಸ್ಸು ಕೈಕೊಟ್ಟ ದಿನ ತೋಟದ ಕೆಲಸಗಾರರ ಲೈನ್‌ಮನೆಯ ಮಕ್ಕಳನ್ನು ಶಾಲೆಗೆ ಮುಟ್ಟಿಸಿದ್ದೂ ಇದೇ. ಹೊಸದು ತೆಗೆದುಕೊಳ್ಳಿ ಅನ್ನುವವರಿಗೆ ನಾನು ಹೇಳುವುದು ಇಷ್ಟೇ: ಕಾಫಿಗೆ ಒಂದು ವರ್ಷ ರೇಟು ಬಂತೆಂದು ಸಾಲ ಮಾಡಿದವರನ್ನು ಮರುವರ್ಷ ನೋಡಿದ್ದೇನೆ.

2018ರ ಆಗಸ್ಟಿನ ಮಳೆಯಲ್ಲಿ ಮಕ್ಕಂದೂರು ಕಡೆ ಗುಡ್ಡದ ಬರೆ ಕುಸಿದದ್ದು ಎಲ್ಲರಿಗೂ ಗೊತ್ತು. ನಮ್ಮ ಅಕ್ಕನ ಮನೆ ಬೀಳಲಿಲ್ಲ, ಆದರೆ ಹಿಂದಿನ ಬರೆಯಲ್ಲಿ ಬಿರುಕು ಬಿಟ್ಟಿತ್ತು. ಅವಳ ಮಗ ಸುಳ್ಯದಲ್ಲಿ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತಾನೆ. ಇನ್ನೊಂದು ಮಳೆಗಾಲ ಅಲ್ಲಿ ಬೇಡ ಎಂದು ಅವನೇ ಹಟ ಹಿಡಿದ. 2019ರ ಜೂನ್‌ನಲ್ಲಿ ಸಾಮಾನು ಸಾಗಿಸುವ ಕೆಲಸ ನನ್ನ ಪಾಲಿಗೆ ಬಂತು. ಬೀರು, ಗ್ರೈಂಡರ್, ಬೀಟೆಯ ಎರಡು ಮಂಚ, ಅಕ್ಕಿ ಮೂಟೆ, ಬಚ್ಚಲಿನ ಹಿತ್ತಾಳೆ ಹಂಡೆ. ಎಲ್ಲ ಸೇರಿ ಒಂದು ಟನ್ನಿನ ಮೇಲೆಯೇ ಇತ್ತು ಅಂತ ಕಾಣುತ್ತದೆ. ಅಳಿಯ ನನ್ನ ಪಕ್ಕ ಕೂತಿದ್ದ.

ಮಡಿಕೇರಿಯಿಂದ ಸುಳ್ಯದ ಕಡೆಗೆ ಇಳಿಯುವ ಸಂಪಾಜೆ ಘಟ್ಟದಲ್ಲಿ, ಮದೆನಾಡು ದಾಟಿ ಇಳಿಜಾರು ಶುರುವಾದ ಮೇಲೆ ನಾನು ಮೂರನೇ ಗೇರಿನಲ್ಲಿದ್ದೆ. ತಪ್ಪು ಅಲ್ಲಿಯೇ. ಹಿಂದೆ ಒಂದು ಟೂರಿಸ್ಟ್ ಬಸ್ಸು ಹಾರ್ನ್ ಹೊಡೆಯುತ್ತಾ ಬರುತ್ತಿತ್ತು, ಅದರ ಕಾಟಕ್ಕೆ ಎರಡನೇ ಗೇರಿಗೆ ಇಳಿಸದೆ ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಹೋದೆ. ಜೋಡುಪಾಲದ ಹತ್ತಿರ ಕರಟದ ಜೊತೆ ಹಳೆ ಗೋಣಿ ಸುಟ್ಟ ಹಾಗೆ ವಾಸನೆ ಬಂತು. ಬ್ರೇಕ್ ತುಳಿದರೆ ಪೆಡಲ್ ಗಟ್ಟಿಯಾಗಿಯೇ ಇದೆ, ಗಾಡಿ ಮಾತ್ರ ಕೇಳುತ್ತಿಲ್ಲ. ಕೊಯನಾಡು ಬರುವಷ್ಟರಲ್ಲಿ ಆ ಗಟ್ಟಿಯೂ ಹೋಯಿತು. ಕಾಲು ಸೀದಾ ತಳಕ್ಕೆ. ಕಿರುಚಿಸಿಕೊಂಡು ಎರಡನೇ ಗೇರು ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಎಡಗಡೆ ಚರಂಡಿಗೆ ಒಂದು ಚಕ್ರ ಇಳಿಸಿ ಬರೆಗೆ ಒರಗಿಸಿ ನಿಲ್ಲಿಸಿದೆ. ಎಡಗಡೆಯ ಮಡ್‌ಗಾರ್ಡ್ ಹೋಯಿತು. ಹಿಂದಿನಿಂದ ಅಕ್ಕನ ಹಂಡೆ ಉರುಳಿ ಕ್ಯಾಬಿನ್ನಿಗೆ ಗುದ್ದಿದ ಸದ್ದು ಈಗಲೂ ಕಿವಿಯಲ್ಲಿದೆ.

ಜಡಿಮಳೆ ಬರುತ್ತಿತ್ತು. ಮುಂದಿನ ಡ್ರಮ್ಮಿನ ಮೇಲೆ ಬಿದ್ದ ಹನಿ ಚೊಂಯ್ ಎನ್ನುತ್ತಾ ಹಬೆಯಾಗುತ್ತಿತ್ತು. ಯಾರೋ ದಾರಿಹೋಕರು ಕೊಡದಲ್ಲಿ ನೀರು ತಂದು ಸುರಿಯಲು ಹೊರಟರು, ಬೇಡ ಅಂದೆ. ಕಾದ ಬೀಡುಕಬ್ಬಿಣಕ್ಕೆ ತಣ್ಣೀರು ಸುರಿದರೆ ಬಿರಿಯುತ್ತದೆ. ಅಳಿಯ ಮೋರಿ ಕಟ್ಟೆಯ ಮೇಲೆ ಕೊಡೆ ಹಿಡಿದು ಕೂತು ಮೊಬೈಲಿನಲ್ಲಿ ಲೆಕ್ಕ ಹಾಕುತ್ತಿದ್ದ. ಅವನ ಕಸುಬೇ ಅದು. "ಮಾವ, ಗಾಡಿ, ಸಾಮಾನು ಸೇರಿ ಎರಡೂವರೆ ಟನ್ ಇಟ್ಟುಕೊಳ್ಳಿ. ಮಡಿಕೇರಿಯಿಂದ ಸಂಪಾಜೆಗೆ ಒಂದು ಕಿಲೋಮೀಟರಿಗೆ ಹತ್ತಿರ ಎತ್ತರ ಇಳಿಯುತ್ತೇವೆ. ಅಷ್ಟನ್ನೂ ಬ್ರೇಕೇ ತಡೆದರೆ ಹುಟ್ಟುವ ಶಾಖದಲ್ಲಿ ಎಪ್ಪತ್ತು ಲೀಟರ್ ತಣ್ಣೀರು ಕುದಿ ಬರುತ್ತದೆ" ಅಂದ. ಅಂದರೆ ಹಿಂದೆ ಉರುಳಿ ಬಿದ್ದಿದ್ದ ಅದೇ ಹಂಡೆಯಲ್ಲಿ ಕಂಠಮಟ್ಟ ನೀರು. ಅಷ್ಟು ಕಾವನ್ನು ನಾಲ್ಕು ಡ್ರಮ್ಮಿನೊಳಗೆ ತುಂಬಲು ಹೊರಟಿದ್ದೆ ನಾನು. ಕಡಿಮೆ ಗೇರಿನಲ್ಲಿ ಇಂಜಿನ್ ಹಿಡಿಯಬೇಕಾದ ಪಾಲನ್ನೂ ಕಾಲಿಗೇ ಹಾಕಿಕೊಂಡಿದ್ದೆ.

ಒಂದು ಗಂಟೆ ಬಿಟ್ಟು ತುಳಿದು ನೋಡಿದರೆ ಪೆಡಲ್ ಮೊದಲಿನ ಹಾಗೇ! ಏನೂ ಆಗಿಯೇ ಇಲ್ಲ ಅನ್ನುವಂತೆ. ಮೋಸ ಇರುವುದೇ ಇಲ್ಲಿ. ಪೆಡಲ್ ಗಟ್ಟಿ ಇದ್ದೂ ಗಾಡಿ ನಿಲ್ಲದಿದ್ದರೆ ಲೈನರ್ ಕಾದು ಹಿಡಿತ ಬಿಟ್ಟಿದೆ ಎಂದರ್ಥ. ಪೆಡಲ್ ತಳಕ್ಕೆ ಹೋದರೆ ಬ್ರೇಕ್ ಆಯಿಲ್ ಕುದಿದು ಪೈಪಿನೊಳಗೆ ಆವಿ ಕಟ್ಟಿದೆ ಎಂದರ್ಥ. ಆವಿಯನ್ನು ಎಷ್ಟು ಒತ್ತಿದರೂ ಕುಗ್ಗುತ್ತದೆಯೇ ಹೊರತು ಚಕ್ರದವರೆಗೆ ಒತ್ತಡ ಮುಟ್ಟುವುದಿಲ್ಲ. ತಣ್ಣಗಾದ ಮೇಲೆ ಆವಿ ಮತ್ತೆ ಆಯಿಲ್ ಆಗುತ್ತದೆ, ಗ್ಯಾರೇಜಿಗೆ ಹೋದರೆ "ಎಲ್ಲ ಸರಿ ಇದೆಯಲ್ಲ" ಎಂದು ಕಳಿಸುತ್ತಾರೆ. ಆಮೇಲೊಂದು ದಿನ ನನ್ನ ಗಾಡಿಯಿಂದ ಇಳಿಸಿದ ಆಯಿಲ್ ನೋಡಿದೆ, ಹಾಲು ಹಾಕದ ಕಾಫಿಯ ಬಣ್ಣ. ಯಾವಾಗ ಬದಲಾಯಿಸಿದ್ದೆಂದು ನನಗೇ ನೆನಪಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ಅನ್ನುವ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು, ತೇವ ಕುಡಿದ ಮೇಲೆ ಆ ಮಟ್ಟ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230 ಮತ್ತು 155. ಮಳೆಯನ್ನು ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಪಾಲು) ಲೆಕ್ಕ ಇಡುವ ನಾವು, ಬೀರುವಿನಲ್ಲಿಟ್ಟ ಬಟ್ಟೆಗೂ ಬೂಷ್ಟು ಹಿಡಿಯುವ ಊರಿನವರು, ಎರಡು ವರ್ಷಕ್ಕೊಮ್ಮೆ ಈ ಆಯಿಲ್ ಬದಲಾಯಿಸದೆ ಇರುವುದು ದಡ್ಡತನ. ಮೊದಲ ದಡ್ಡ ನಾನೇ.

ಆದರೆ ಆಗ ನನಗೆ ಇದೊಂದೂ ಗೊತ್ತಿರಲಿಲ್ಲ. ಡಿಸ್ಕ್ ಹಾಕಿಸಿದರೆ ಸರಿಯಾಗುತ್ತದೆ ಎಂದು ಎಲ್ಲರೂ ಅಂದರು. ಆ ಮಾತಿನಲ್ಲಿ ಸುಳ್ಳೇನೂ ಇಲ್ಲ. ಡ್ರಮ್ ಕಾದರೆ ಹಿಗ್ಗಿ ಲೈನರ್‌ನಿಂದ ದೂರ ಸರಿಯುತ್ತದೆ. ಡಿಸ್ಕ್ ಅಂದರೆ ಚಕ್ರದ ಜೊತೆ ತಿರುಗುವ ಬಿಲ್ಲೆ, ಎರಡು ಕಡೆಯಿಂದ ಪ್ಯಾಡ್ ಅದನ್ನು ಅದುಮಿ ಹಿಡಿಯುತ್ತದೆ. ಡಿಸ್ಕ್ ಕಾದರೆ ದಪ್ಪವಾಗಿ ಪ್ಯಾಡಿನ ಕಡೆಗೇ ಬರುತ್ತದೆ. ಅದು ಬಯಲಿನಲ್ಲಿ ತಿರುಗುವುದರಿಂದ ಗಾಳಿ ತಾಗಿ ಬೇಗ ತಣಿಯುತ್ತದೆ, ಹೊಳೆ ದಾಟಿದರೂ ನೀರು ಸಿಡಿದು ಹೋಗುತ್ತದೆ. ಡ್ರಮ್ಮಿನೊಳಗೆ ನೀರು ಹೋದರೆ ಅಲ್ಲೇ ಮನೆ ಮಾಡಿಕೊಳ್ಳುತ್ತದೆ. ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದಾದ್ದರಿಂದ ಹೆಚ್ಚಿನ ಕೆಲಸ ಮುಂದಿನ ಎರಡು ಚಕ್ರಗಳದ್ದೇ, ಇಳಿಜಾರಿನಲ್ಲಂತೂ ಇನ್ನೂ ಜಾಸ್ತಿ. ಹಾಗಾಗಿ ಮುಂದಕ್ಕೆ ಡಿಸ್ಕ್ ಅನ್ನುವುದು ಸರಿಯಾದ ಆಲೋಚನೆ.

ಒಂದು ಗ್ಯಾರೇಜಿಗೆ ಕೊಟ್ಟೆ. ಹೆಸರು ಬರೆಯುವುದಿಲ್ಲ. ಗುಜರಿಯಿಂದ ಬೇರೆ ಗಾಡಿಯ ಸ್ಪಿಂಡಲ್, ಹಬ್, ಡಿಸ್ಕ್, ಪ್ಯಾಡನ್ನು ಒತ್ತುವ ಕ್ಯಾಲಿಪರ್ ತಂದು ಮೂರು ದಿನದಲ್ಲಿ ಕೂರಿಸಿ ಕೊಟ್ಟರು. 18,000 ರೂಪಾಯಿ. ಚಕ್ರದ ಸಂದಿಯಲ್ಲಿ ಡಿಸ್ಕ್ ಫಳಫಳ ಹೊಳೆಯುವುದನ್ನು ಸಂಘದ ಹತ್ತಿರ ನಿಲ್ಲಿಸಿ ಎರಡು ಮೂರು ಜನರಿಗೆ ತೋರಿಸಿದೆ ಕೂಡ. ಪೆಡಲ್ ಮಾತ್ರ ಕಲ್ಲು ತುಳಿದ ಹಾಗಿತ್ತು. "ಹೊಸದಲ್ವಾ, ಓಡಿಸಿ ಓಡಿಸಿ ಸರಿಯಾಗುತ್ತೆ" ಅಂದರು. ಪೇಟೆಗೆ ಹೋಗಿ ಬಂದು ಮುಂದಿನ ಚಕ್ರ ಮುಟ್ಟಿದರೆ ಕೈ ಇಡಲಾಗದಷ್ಟು ಬಿಸಿ. ಅದೂ ಸರಿಯಾಗುತ್ತೆ ಅಂದರು. ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಎಂಬ ಸಾರಿಗೆ ಇಲಾಖೆಯ ಸರ್ಟಿಫಿಕೇಟು, ಅದೂ ಆಯಿತು. ಸಮತಟ್ಟು ಜಾಗದಲ್ಲಿ, ತಣ್ಣಗಿದ್ದಾಗ, ಖಾಲಿ ಗಾಡಿಯನ್ನು ಹತ್ತಿಪ್ಪತ್ತು ಸ್ಪೀಡಿನಲ್ಲಿ ನಿಲ್ಲಿಸಿ ತೋರಿಸಿದೆ, ನಿಂತಿತು. ನಿಲ್ಲದೆ ಏನು?

ಅದೇ ಜುಲೈ, ಕಕ್ಕಡ ತಿಂಗಳ ಮಳೆ. ಬೆಳಿಗ್ಗೆ ಅಳೆದಾಗ ನಾಲ್ಕು ಇಂಚು ಇಪ್ಪತ್ತು ಸೆಂಟು. ಗಾಳಿಬೀಡು ಕಡೆಯಿಂದ ಖಾಲಿ ಬರುತ್ತಿದ್ದೆ. ಒಂದು ತಿರುವಿನಲ್ಲಿ ರಸ್ತೆಗೆ ಅಡ್ಡ ದನ. ಎರಡೂ ಕಾಲು ಸೇರಿಸಿ ತುಳಿದೆ ಅಂದರೂ ತಪ್ಪಲ್ಲ. ಮುಂದಿನ ಡಿಸ್ಕ್ ಹಿಡಿಯಲಿಲ್ಲ, ಹಿಂದಿನ ಡ್ರಮ್ಮುಗಳು ಗಪ್ಪೆಂದು ಕಚ್ಚಿದವು. ಬಾಡಿಯಲ್ಲಿ ಭಾರ ಇಲ್ಲ, ರಸ್ತೆಯ ಮೇಲೆ ಪಾಚಿ. ಬಾಲ ಎದ್ದು ಮುಂದಕ್ಕೆ ಬಂತು. ನನ್ನ ಎದುರಿಗೆ ಕಾಡು, ಆಮೇಲೆ ಕಣಿವೆ, ಆಮೇಲೆ ನಾನು ಬಂದ ದಾರಿ. ದನ ಅಲ್ಲೇ ನಿಂತು ಮೆಲುಕು ಹಾಕುತ್ತಿತ್ತು.

ಇಂಥ ಕೆಲಸ ಬಲ್ಲ ಒಬ್ಬ ಹಿರಿಯರು ಕುಶಾಲನಗರದ ಕಡೆ ಇದ್ದಾರೆ. ಎಲ್ಲರೂ ಕಾಕ ಅನ್ನುತ್ತಾರೆ, ನಾನೂ ಹಾಗೇ ಅನ್ನುವುದು. ಅಲ್ಲಿಯವರೆಗೆ ಗಾಡಿಯನ್ನು ಮೊದಲನೇ, ಎರಡನೇ ಗೇರಿನಲ್ಲೇ ಒಯ್ದೆ. ಅವರು ಚಕ್ರ ಬಿಚ್ಚಿದ ತಕ್ಷಣ ಮಾತಾಡಲಿಲ್ಲ, ನನ್ನ ಕೈ ಹಿಡಿದು ಬೆರಳನ್ನು ಕ್ಯಾಲಿಪರಿನ ಬೆನ್ನಿನ ಮೇಲೆ ಎಳೆಸಿದರು. ಒಂದು ಕಡೆ ನುಣ್ಣಗೆ, ತಗ್ಗಾಗಿ, ಅಂಚು ಹರಿತವಾಗಿತ್ತು. ನನ್ನ ಹಳೆ ರಿಮ್ಮಿಗೆ ಕ್ಯಾಲಿಪರ್ ತಾಗುತ್ತಿತ್ತಂತೆ, ಅದಕ್ಕೆ ಗ್ಯಾರೇಜಿನವರು ಗ್ರೈಂಡರ್ ಹಾಕಿ ಕ್ಯಾಲಿಪರನ್ನೇ ತರಿದಿದ್ದರು. "ಗೌಡ್ರೆ, ಇದು ಚಪ್ಪಲಿ ಅಲ್ಲ, ಕಾಲಿಗೆ ತಾಗ್ತದೆ ಅಂತ ಕೊಯ್ಯಲಿಕ್ಕೆ" ಅಂದರು ಕಾಕ.

ಆಮೇಲೆ ಚಹಾ ಕುಡಿದು ಮುಗಿಸಿದ ಸಾಸರನ್ನು ನನ್ನ ಕೈಗೆ ಕೊಟ್ಟು ತಿರುಗಿಸಲು ಹೇಳಿ, ಅದರ ಅಂಚನ್ನು ತಾವು ಎರಡು ಬೆರಳಲ್ಲಿ ಹಿಡಿದರು. ಡಿಸ್ಕ್ ಅಂದರೆ ಇಷ್ಟೇ, ಬೆರಳಿನಲ್ಲಿ ಎಷ್ಟು ಬಲವೋ ಅಷ್ಟೇ ಹಿಡಿತ. ಡ್ರಮ್ ಹಾಗಲ್ಲ. ತಿರುಗುವ ಡ್ರಮ್ಮು ಲೈನರನ್ನು ತನ್ನ ಕಡೆಗೆ ಎಳೆದುಕೊಂಡು ತಾನೇ ಇನ್ನಷ್ಟು ಬಿಗಿ ಮಾಡುತ್ತದೆ, ಅದಕ್ಕೇ ಹಳೆ ಗಾಡಿಗಳು ಬೂಸ್ಟರ್ ಇಲ್ಲದೆಯೂ ನಿಲ್ಲುತ್ತಿದ್ದವು. ಡಿಸ್ಕಿಗೆ ಆ ಉಪಕಾರ ಇಲ್ಲ, ಕಾಲಿನ ಬಲವನ್ನು ಹೆಚ್ಚಿಸಲು ಬೂಸ್ಟರ್ ಬೇಕೇ ಬೇಕು. ನನ್ನ ಗಾಡಿಗೆ ಅದನ್ನು ಹಾಕಿಯೇ ಇರಲಿಲ್ಲ. ಬೂಸ್ಟರ್ ಕೆಲಸ ಮಾಡುವುದು ವ್ಯಾಕ್ಯೂಮಿನಿಂದ, ಅಂದರೆ ಗಾಳಿ ಹೀರಿ ತೆಗೆದ ಜಾಗದ ಸೆಳೆತದಿಂದ. ಡೀಸೆಲ್ ಇಂಜಿನ್ನಿನಲ್ಲಿ ಪೆಟ್ರೋಲ್ ಗಾಡಿಯ ಹಾಗೆ ತಾನಾಗಿ ವ್ಯಾಕ್ಯೂಮ್ ಸಿಗುವುದಿಲ್ಲವಾದ್ದರಿಂದ, ಬೂಸ್ಟರ್ ಹಾಕಿದರೆ ಬೆನ್ನಿಗೆ ವ್ಯಾಕ್ಯೂಮ್ ಪಂಪ್ ಇರುವ ಆಲ್ಟರ್ನೇಟರ್ ಕೂಡ ಬೇಕು.

ಚಕ್ರ ಬಿಸಿಯಾಗುತ್ತಿದ್ದುದಕ್ಕೆ ಕಾರಣ, ಪೆಡಲ್ ತುಳಿದಾಗ ಆಯಿಲನ್ನು ಚಕ್ರಗಳ ಕಡೆಗೆ ಒತ್ತುವ ಮಾಸ್ಟರ್ ಸಿಲಿಂಡರಿನಲ್ಲಿತ್ತು. ಹಳೆಯದನ್ನೇ ಉಳಿಸಿದ್ದರು. ಡ್ರಮ್ಮಿನ ಮಾಸ್ಟರಿನ ಬಾಯಲ್ಲಿ ಒಂದು ಸಣ್ಣ ಚೆಕ್ ವಾಲ್ವ್ ಇರುತ್ತದೆ, ಕಾಲು ತೆಗೆದ ಮೇಲೂ ಪೈಪಿನಲ್ಲಿ ತುಸು ಒತ್ತಡ ಹಿಡಿದಿಡುವುದು ಅದರ ಕೆಲಸ. ಡ್ರಮ್ಮಿಗೆ ಅದು ಒಳ್ಳೆಯದು, ಒಳಗಿನ ಸ್ಪ್ರಿಂಗ್ ಬ್ರೇಕ್ ಶೂಗಳನ್ನು ಹಿಂದಕ್ಕೆಳೆಯುತ್ತದಲ್ಲ. ಡಿಸ್ಕಿನಲ್ಲಿ ಸ್ಪ್ರಿಂಗ್ ಇಲ್ಲ. ಅಷ್ಟೇ ಒತ್ತಡ ಉಳಿದರೂ ಪ್ಯಾಡ್ ಸವರುತ್ತಲೇ ಇರುತ್ತದೆ. ಕಾಕ ಆ ವಾಲ್ವನ್ನು ತೆಗೆದು ನನ್ನ ಅಂಗೈ ಮೇಲಿಟ್ಟರು. ಕಾಳುಮೆಣಸಿನ ನಾಲ್ಕೈದು ಕಾಳು ಸೇರಿಸಿದಷ್ಟಿತ್ತು.

ಇನ್ನೊಂದು ವಿಷಯ ಕೇಳಿ ನನಗೆ ನಿಜವಾಗಿಯೂ ಬೆವರು ಬಂತು. ಆ ಹಳೆ ಮಾಸ್ಟರ್ ಒಂದೇ ಕೋಣೆಯದು, ನಾಲ್ಕೂ ಚಕ್ರಕ್ಕೆ ಆಯಿಲ್ ಒಂದೇ ದಾರಿಯಲ್ಲಿ. ಎಲ್ಲಾದರೂ ಒಂದು ಹೋಸ್ ಪೈಪ್ ಒಡೆದರೆ ನಾಲ್ಕಕ್ಕೂ ಬ್ರೇಕ್ ಇಲ್ಲ. ಇಷ್ಟು ವರ್ಷ ಮಕ್ಕಳನ್ನು ಕೂರಿಸಿಕೊಂಡು ಓಡಾಡಿದ್ದು ಇದರಲ್ಲಿ. ಈಗ ಹಾಕಿರುವುದು ಎರಡು ಕೋಣೆಯ ಟ್ಯಾಂಡಮ್ ಮಾಸ್ಟರ್, ಮುಂದಿನದು ಬೇರೆ, ಹಿಂದಿನದು ಬೇರೆ. ಕಾಲಡಿಯ ಪ್ಲೇಟಿನ ಕೆಳಗೆ ಇದ್ದದ್ದನ್ನು ಬಾನೆಟ್ಟಿನೊಳಕ್ಕೆ ತಂದರು. ಹಾಗಾಗಿ ಆಯಿಲ್ ಮಟ್ಟ ನೋಡಲು ಮೊದಲಿನ ಹಾಗೆ ಕೆಸರಿನಲ್ಲಿ ಬಗ್ಗಿ ನೋಡಬೇಕಾಗಿಲ್ಲ. ಹಿಂದಿನ ಚಕ್ರಕ್ಕೆ ಹೋಗುವ ಲೈನಿನಲ್ಲಿ ಒತ್ತಡ ತಗ್ಗಿಸುವ ವಾಲ್ವ್ ಹಾಕಿ, ಖಾಲಿ ಗಾಡಿಯನ್ನು ಒದ್ದೆ ಮೈದಾನದಲ್ಲಿ ಓಡಿಸಿ ಓಡಿಸಿ, ಹಿಂದಿನದಕ್ಕಿಂತ ಮುಂದಿನ ಚಕ್ರ ಮೊದಲು ಕಚ್ಚುವವರೆಗೆ ಅದರ ತಿರುಪನ್ನು ತಿರುಗಿಸಿದರು. ಅದಕ್ಕೇ ಅರ್ಧ ದಿನ ಹಿಡಿಯಿತು. ಹೋಸ್ ಪೈಪುಗಳೂ ಹೊಸವು. ಹೊರಗೆ ನೋಡಲು ಚೆನ್ನಾಗಿರುವ ಹಳೆ ರಬ್ಬರ್ ಪೈಪು ಒಳಗೆ ಊದಿಕೊಂಡು ಆಯಿಲನ್ನು ಹಿಂದಕ್ಕೆ ಬಿಡುವುದಿಲ್ಲ, ಗಾಡಿ ಒಂದೇ ಕಡೆಗೆ ಎಳೆಯುತ್ತದೆ. ಡಾಟ್ 4 ಹಾಕಿ, ದೂರದ ಚಕ್ರದಿಂದ ಶುರು ಮಾಡಿ ಪೈಪಿನೊಳಗಿನ ಏರ್ ತೆಗೆದರು. ಕ್ಯಾಲಿಪರ್ ಬೇರೆ ಜೋಡಿ, ಅದಕ್ಕೆ ಹೊಂದುವ ರಿಮ್ಮು. ಒಟ್ಟು 34,000. ಮೊದಲಿನ 18,000ವನ್ನು ಎಲ್ಲಿ ಬರೆದುಕೊಳ್ಳುವುದೋ ಗೊತ್ತಿಲ್ಲ.

ಈಗ ಆ ಪತ್ರ ಬರೆದವರಿಗೆ. ಮುಂದಿನ ಚಕ್ರದಲ್ಲಿ ಕಾಣುವ ಡಿಸ್ಕನ್ನು ನೋಡಿ ಇದು ಸುರಕ್ಷಿತ ಗಾಡಿ ಅಂದುಕೊಳ್ಳಬೇಡಿ. ಅರೆಬರೆ ಹಾಕಿದ ಡಿಸ್ಕಿಗಿಂತ ಚೆನ್ನಾಗಿಟ್ಟ ಡ್ರಮ್ ಎಷ್ಟೋ ಮೇಲು. ತೋಟ, ಸಂತೆ, ಗೊಬ್ಬರದ ಅಂಗಡಿ ಇಷ್ಟೇ ಓಡಾಟ ಇರುವವರಿಗೆ ನಾನು ಡಿಸ್ಕ್ ಹಾಕಿಸಿ ಅನ್ನುವುದಿಲ್ಲ. ಲೈನರ್ ಹೊಸದು ಹಾಕಿಸಿ, ಡ್ರಮ್ ಗೆರೆ ಬಿದ್ದಿದ್ದರೆ ಲೇತಿಗೆ ಕೊಡಿ. ಎಷ್ಟು ಅಗಲದವರೆಗೆ ತರಿಯಬಹುದೆಂದು ಡ್ರಮ್ಮಿನ ಮೇಲೇ ಅಚ್ಚು ಇರುವುದುಂಟು, ಅದನ್ನು ಮೀರಿದ್ದರೆ ಬಿಸಾಡಿ. ಚಕ್ರದೊಳಗೆ ಶೂ ತಳ್ಳುವ ವೀಲ್ ಸಿಲಿಂಡರಿನ ಬಕೆಟ್ (ರಬ್ಬರ್ ಬಟ್ಟಲು) ಬದಲಾಯಿಸಿ, ಆಯಿಲ್ ಪೂರ್ತಿ ಇಳಿಸಿ ಹೊಸದು ತುಂಬಿಸಿ. ತೋಡು ದಾಟಿದ ಮೇಲೆ ನೂರು ಮೀಟರ್ ಬ್ರೇಕನ್ನು ಹಗುರಾಗಿ ಒತ್ತಿಕೊಂಡೇ ಹೋಗಿ, ಲೈನರ್ ಒಣಗುತ್ತದೆ. ದಿನಾ ಸಂಪಾಜೆ ಅಥವಾ ಮಾಕುಟ್ಟ ಘಟ್ಟ ಇಳಿಯುವವರು, ಭಾರ ಹೊರುವವರು, ಅವರು ಡಿಸ್ಕಿಗೆ ಹೋಗಲಿ. ಹೋದರೆ ಮಾಸ್ಟರ್, ಬೂಸ್ಟರ್, ಹಿಂದಿನ ವಾಲ್ವ್ ಸೇರಿಸಿಯೇ ಹೋಗಲಿ. ದುಡ್ಡು ಅಷ್ಟಿಲ್ಲದಿದ್ದರೆ ಕೂಡಿಸುವವರೆಗೆ ಕಾಯಲಿ.

ಬೂಸ್ಟರ್ ಹಾಕಿಸಿದವರಿಗೆ ಇನ್ನೊಂದು ಮಾತು. ಡೀಸೆಲ್ ಉಳಿಸಲು ಇಂಜಿನ್ ಆಫ್ ಮಾಡಿ ನ್ಯೂಟ್ರಲ್ಲಿನಲ್ಲಿ ಇಳಿಸುವ ಚಾಳಿ ನಮ್ಮಲ್ಲಿ ಅನೇಕರಿಗಿದೆ. ಇಂಜಿನ್ ನಿಂತರೆ ವ್ಯಾಕ್ಯೂಮ್ ಇಲ್ಲ, ಎರಡು ಮೂರು ಸಲ ತುಳಿಯುವಷ್ಟರಲ್ಲಿ ಬೂಸ್ಟರ್ ಖಾಲಿ. ಆಮೇಲೆ ಅದೇ ಕಲ್ಲು ಪೆಡಲ್. ಉಳಿಸಿದ ಡೀಸೆಲ್ಲು ಯಾರ ಕಾರ್ಯಕ್ಕೋ!

ಆಯುಧಪೂಜೆಯ ದಿನ ನೋಡಬೇಕು ನಮ್ಮವರನ್ನು. ಬಾಳೆಕಂಬ, ಚೆಂಡುಹೂವು, ಗಾಡಿಯ ಮೂತಿಗೆ ಹೊಸ ಬುಲ್ ಬಾರ್, ಅದರ ಮೇಲೆ ನಾಲ್ಕು ಲೈಟು. ಚಕ್ರದಡಿ ನಿಂಬೆಹಣ್ಣು ಇಟ್ಟು ಹತ್ತಿಸುತ್ತಾರೆ, ಆ ಚಕ್ರವನ್ನು ಬಿಚ್ಚಿ ನೋಡಿ ಎಷ್ಟು ವರ್ಷವಾಯಿತು ಅಂದರೆ ಮುಖ ನೋಡುತ್ತಾರೆ. ನಾನೂ ಹಾಗೇ ಇದ್ದವನು, ಅದಕ್ಕೆ ಧೈರ್ಯವಾಗಿ ಬರೆಯುತ್ತಿದ್ದೇನೆ.

ಕೊನೆಗೆ ಸಾರಿಗೆ ಇಲಾಖೆಗೆ ಎರಡು ಕೋರಿಕೆ, ನಿಮ್ಮ ಪತ್ರಿಕೆಯ ಮೂಲಕ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಾಯಿಸುವ ಹಾಗಿಲ್ಲ. ಸರಿ, ಕಾನೂನು ಇರಬೇಕು. ಆದರೆ ಬ್ರೇಕನ್ನು ಉತ್ತಮಗೊಳಿಸುವುದು ಅದರಡಿ ಬರುತ್ತದೋ ಇಲ್ಲವೋ, ಬಂದರೆ ಯಾವ ಕಾಗದ ಕೊಟ್ಟು ಯಾರ ಒಪ್ಪಿಗೆ ಪಡೆಯಬೇಕು, ಇದನ್ನು ಕೇಳಲು ಹೋದ ನನಗೆ ಒಂದೇ ಕಚೇರಿಯ ಎರಡು ಕಿಟಕಿಗಳಲ್ಲಿ ಎರಡು ಉತ್ತರ ಸಿಕ್ಕಿತು. ಒಬ್ಬರು "ಮಾಡಿಸಿಕೊಳ್ಳಿ, ಏನೂ ಬೇಡ" ಅಂದರು, ಇನ್ನೊಬ್ಬರು "ಮುಟ್ಟಲೇಬೇಡಿ" ಅಂದರು. ಕನ್ನಡದಲ್ಲಿ ನಾಲ್ಕು ಸಾಲು ಬರೆದು ಒಂದು ಬೋರ್ಡ್ ತೂಗುಹಾಕಿದರೆ ಸಾಕು. ಅದು ಇಲ್ಲದ ಕಾರಣಕ್ಕೇ ಜನ ಕದ್ದು ಮಾಡಿಸುತ್ತಾರೆ, ಕದ್ದು ಮಾಡಿಸುವಾಗ ಕ್ಯಾಲಿಪರಿಗೆ ಗ್ರೈಂಡರ್ ಬೀಳುತ್ತದೆ.

ಎರಡನೆಯದು, ಎಂಟು ವರ್ಷ ದಾಟಿದ ಗೂಡ್ಸ್ ಗಾಡಿಗೆ ಪ್ರತಿ ವರ್ಷ ಎಫ್‌ಸಿ ಮಾಡಿಸುತ್ತೇವಲ್ಲ, ಆಗ ಮುಂದಿನ ಒಂದು ಚಕ್ರವನ್ನಾದರೂ ಜಾಕ್ ಕೊಟ್ಟು ಎತ್ತಿ ಕೈಯಲ್ಲಿ ತಿರುಗಿಸಿ ನೋಡಲಿ, ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ಬಣ್ಣ ನೋಡಲಿ. ಐದು ನಿಮಿಷದ ಕೆಲಸ. ನನ್ನ ಗಾಡಿಗೆ ಆ ವರ್ಷ ಅಷ್ಟು ಮಾಡಿದ್ದರೆ, ಗಾಳಿಬೀಡಿನ ದನ ನೆಮ್ಮದಿಯಾಗಿ ರಸ್ತೆ ದಾಟುತ್ತಿತ್ತು.

ಈಗಲೂ ಸಂಪಾಜೆ ಘಟ್ಟವನ್ನು ನಾನು ಎರಡನೇ ಗೇರಿನಲ್ಲೇ ಇಳಿಯುವುದು. ಹಿಂದಿನವರು ಹಾರ್ನ್ ಹೊಡೆದರೆ ಅಗಲ ಇರುವ ಕಡೆ ಬದಿಗೆ ಹಾಕಿ ಬಿಟ್ಟುಕೊಡುತ್ತೇನೆ. ಬಿಚ್ಚಿದ ಹಳೆ ಡ್ರಮ್ಮುಗಳಲ್ಲಿ ಒಂದನ್ನು ಕೋಳಿಗೂಡಿನ ಬಾಗಿಲಿಗೆ ಭಾರ ಇಟ್ಟಿದ್ದೇನೆ. ತರಿದ ಕ್ಯಾಲಿಪರ್ ಶೆಡ್ಡಿನ ಕಿಟಕಿಯಲ್ಲಿದೆ. ಪತ್ರ ಬರೆದವರಿಗೆ ನೋಡಬೇಕು ಅನ್ನಿಸಿದರೆ ಒಂದು ಭಾನುವಾರ ಬರಲಿ, ವಿಳಾಸ ಸಂಪಾದಕರ ಬಳಿ ಇದೆ. ಚಕ್ರ ಬಿಚ್ಚಿ ತೋರಿಸುತ್ತೇನೆ, ಊಟ ಮಾಡಿಕೊಂಡು ಹೋಗಲಿ.

ಹೆಸರು ಹಾಕಬೇಡಿ. ಆ ಗ್ಯಾರೇಜಿನವರು ಹೇಗೂ ಗುರುತು ಹಿಡಿಯುತ್ತಾರೆ.

ಇತಿ,
ಒಬ್ಬ ಸಣ್ಣ ಬೆಳೆಗಾರ, ಮಡಿಕೇರಿ ತಾಲ್ಲೂಕು